ಒಂದು ಗಾಡಿ, ಎರಡು ಕಾಯಿಲೆ: ಸಾಗರದ ಡಸ್ಟರ್ ತಪಾಸಣೆಯ ಪೂರ್ತಿ ಕಥೆ

ಸೆಪ್ಟೆಂಬರ್ ಮೊದಲ ವಾರ. ಹೊರಗೆ ಜಿಟಿಜಿಟಿ ಮಳೆ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ 2014ರ ಡಸ್ಟರ್ ಡೀಸೆಲ್ ಗಾಡಿಯನ್ನು ಶಿವಮೊಗ್ಗದ ನನ್ನ ಶೆಡ್‌ಗೆ ತಂದು ನಿಲ್ಲಿಸಿದರು. ಮೀಟರಿನಲ್ಲಿ 1,12,000 ಚಿಲ್ಲರೆ ಕಿ.ಮೀ. ಎಂಜಿನ್ ಆಫ್ ಮಾಡಲು ಅವರಿಗೆ ಧೈರ್ಯವಿಲ್ಲ. "ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗೋದು ಅದರಿಷ್ಟ ಸಾರ್" ಅಂದರು.

"ಪರವಾಗಿಲ್ಲ ಯಜಮಾನ್ರೇ, ಆಫ್ ಮಾಡಿ. ಕಾಯಿಲೆ ಇರುವಾಗಲೇ ನೋಡಬೇಕು" ಅಂದೆ.

ಅವರು ಗಾಡಿ ಸರಿ ಮಾಡಿಸಲು ಬಂದವರಲ್ಲ. ಏನಾಗಿದೆ ಅಂತ ತಿಳಿದರೆ ಸಾಕಾಗಿತ್ತು. "ಸರಿ ಮಾಡ್ತೀವಿ ಅಂದವರು ಆಗ್ಲೇ ಮೂರು ಜನ ಆದ್ರು" ಅಂತ ಒಂದು ಪ್ಲಾಸ್ಟಿಕ್ ಕವರ್ ಮೇಜಿನ ಮೇಲಿಟ್ಟರು. ಒಳಗೆ ಬಿಲ್ಲುಗಳು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು ದೊಡ್ಡದಲ್ಲ, ಹಾಗಾಗಿ ಗ್ಯಾರೇಜುಗಳ ಹೆಸರು ಇಲ್ಲಿ ಬೇಡ.

ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿದೆ. ಜೂನ್ ಕೊನೆಯಲ್ಲಿ ಇಲಿ ವೈರು ಕಡಿದಿತ್ತು. ಊರಿನ ವೈರ್‌ಮನ್ ಒಬ್ಬರು ಜೋಡಿಸಿಕೊಟ್ಟಿದ್ದರು, ಅದಕ್ಕೆ ಬಿಲ್ಲಿಲ್ಲ, ಒಂದು ಚೀಟಿ ಅಷ್ಟೇ. ಆಗಸ್ಟ್ ಮೊದಲ ವಾರ ಒಂದು ಗ್ಯಾರೇಜಿನಲ್ಲಿ "ಲಕ್ಷ ದಾಟಿದೆ, ಬೆಲ್ಟ್ ಹಾಕಿಸಿಬಿಡಿ" ಅಂದರಂತೆ. ಬಿಲ್ಲಿನಲ್ಲಿ "ಟೈಮಿಂಗ್ ಕಿಟ್" ಅಂತ ಬರೆದಿತ್ತು. ಎಂಜಿನ್ನಿನ ಕ್ರ್ಯಾಂಕ್ ಮತ್ತು ಕ್ಯಾಮ್ ಅನ್ನುವ ಎರಡು ದಂಡಗಳನ್ನು ತಾಳ ತಪ್ಪದಂತೆ ತಿರುಗಿಸುವ ಹಲ್ಲಿನ ಬೆಲ್ಟ್ ಇದು. ಆಮೇಲೆ ಕ್ಯಾಮ್ ಸೆನ್ಸರ್ ಒಂದು. ಹದಿನೈದು ದಿನ ಬಿಟ್ಟು ಅದೇ ಕ್ಯಾಮ್ ಸೆನ್ಸರ್ ಇನ್ನೊಂದು. ಕೊನೆಗೆ ಮೂರನೆಯ ಕಡೆ ಕೊಟ್ಟ ಕೊಟೇಶನ್: ನಾಲ್ಕು ಇಂಜೆಕ್ಟರ್, ಅಂದರೆ ಡೀಸೆಲ್ ಚಿಮ್ಮಿಸುವ ನಳಿಗೆಗಳು. ಆ ಮೊತ್ತ ನೋಡಿಯೇ ಯಜಮಾನರು ಶಿವಮೊಗ್ಗದ ದಾರಿ ಹಿಡಿದದ್ದು.

ದೂರು ಕೇಳುವಾಗ ನಾನು ಒಂದು ಹಾಳೆಗೆ ನಡುವೆ ಗೆರೆ ಎಳೆದುಕೊಳ್ಳುತ್ತೇನೆ. ಎಡಕ್ಕೆ ಯಾವಾಗಲೂ ಇರುವ ತೊಂದರೆ, ಬಲಕ್ಕೆ ಬಂದು ಹೋಗುವ ತೊಂದರೆ. ಗಾಡಿ ನೋಡುವುದಕ್ಕಿಂತ ಈ ಹಾಳೆ ತುಂಬಿಸುವುದಕ್ಕೇ ಕೆಲವೊಮ್ಮೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಜನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಬಿಡಿಸಿ ಬಿಡಿಸಿ ಕೇಳಬೇಕು.

"ಪಿಕಪ್ ಇಲ್ಲ ಅಂದ್ರಲ್ಲ, ಯಾವತ್ತೂ ಇಲ್ವಾ, ಅಥವಾ ಕೆಲವು ದಿನ ಸರಿ ಇರುತ್ತಾ?"

"ಯಾವತ್ತೂ ಇಲ್ಲ. ಬಿಸಿಲಿದ್ರೂ ಇಲ್ಲ, ಮಳೆ ಇದ್ರೂ ಇಲ್ಲ. ಮೊದಲು ಗೇರುಸೊಪ್ಪೆ ಘಾಟಿ ಮೂರನೇ ಗೇರಲ್ಲಿ ಹತ್ತುತ್ತಿದ್ದ ಗಾಡಿ, ಈಗ ಎರಡಕ್ಕೆ ಹಾಕಿದ್ರೂ ಏದುಸಿರು ಬಿಡುತ್ತೆ."

"ಸ್ಟಾರ್ಟ್ ಆಗಲ್ಲ ಅನ್ನೋದು?"

"ಅದು ಬೆಳಗ್ಗೆ ಹೊತ್ತು. ರಾತ್ರಿ ಮಳೆ ಬಂದಿರಬೇಕು. ಮಧ್ಯಾಹ್ನ ಆದ್ರೆ ಒಂದೇ ಸೆಲ್ಫಿಗೆ ಹಿಡಿಯುತ್ತೆ."

"ಪಿಕಪ್ ಹೋಗಿದ್ದು ಯಾವಾಗಿನಿಂದ?"

ಅವರು ಸ್ವಲ್ಪ ಯೋಚಿಸಿದರು. "ಬೆಲ್ಟ್ ಹಾಕಿಸಿದ ಮೇಲೆ ಅನ್ಸುತ್ತೆ. ಆದ್ರೆ ಸ್ಟಾರ್ಟಿಂಗ್ ತೊಂದರೆ ಅದಕ್ಕಿಂತ ಮೊದಲೇ ಒಂದೆರಡು ಸಲ ಆಗಿತ್ತು."

ಹಾಳೆಯ ಎರಡೂ ಬದಿ ತುಂಬಿತು. ಒಂದು ತೊಂದರೆಗೆ ಮಳೆ ಬೇಕು, ಇನ್ನೊಂದಕ್ಕೆ ಬೇಡ. ಒಂದು ಬೆಲ್ಟಿಗಿಂತ ಮುಂಚಿನದು, ಇನ್ನೊಂದು ಆಮೇಲಿನದು. ಇಷ್ಟು ದಿನ ಗಾಡಿ ನೋಡಿದವರೆಲ್ಲ ಇದನ್ನು ಒಂದೇ ಕಾಯಿಲೆ ಅಂದುಕೊಂಡಿದ್ದರು. ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಕೂಡ ಹಾಗೆಯೇ ಹೇಳಿದಂತೆ ಕಾಣುತ್ತಿತ್ತು.

ಸ್ಕ್ಯಾನರ್ ಏನು ಹೇಳಿತು, ಏನು ಹೇಳಲಿಲ್ಲ

ಹಾಕಿದ ತಕ್ಷಣ ಎರಡು ಕೋಡ್ ಬಂದವು: ಪಿ0340 ಮತ್ತು ಪಿ0016. ಮೊದಲನೆಯದು ಕ್ಯಾಮ್‌ಶಾಫ್ಟ್ ಸೆನ್ಸರ್ ಸರ್ಕ್ಯೂಟಿನ ದೋಷ. ಎರಡನೆಯದು ಕ್ರ್ಯಾಂಕ್ ಮತ್ತು ಕ್ಯಾಮ್ ಒಂದಕ್ಕೊಂದು ತಾಳೆ ಆಗುತ್ತಿಲ್ಲ ಅನ್ನುವುದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎರಡು ಸೆನ್ಸರ್ ದುಡ್ಡು ಹೋದದ್ದು ಇಲ್ಲೇ. ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್. ಗಾಳಿ ಮತ್ತು ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸುತ್ತು ಕೆಲಸ ಮುಗಿಯಲು ಕ್ರ್ಯಾಂಕ್ ಎರಡು ಸಲ ತಿರುಗುತ್ತದೆ, ಕ್ಯಾಮ್ ಒಂದು ಸಲ. ಪಿಸ್ಟನ್ ಮೇಲೆ ಬಂದಿದೆ ಅಂತ ಕ್ರ್ಯಾಂಕ್ ಸೆನ್ಸರ್ ಹೇಳಬಲ್ಲದು. ಆದರೆ ಅದು ಡೀಸೆಲ್ ಚಿಮ್ಮಿಸುವ ಹೊತ್ತೋ, ಹೊಗೆ ಹೊರಗೆ ತಳ್ಳುವ ಹೊತ್ತೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಕ್ಯಾಮ್ ಸೆನ್ಸರ್. ಬಹಳಷ್ಟು ಕಾಮನ್ ರೈಲ್ ಡೀಸೆಲ್‌ಗಳಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ, ಅಂದರೆ ರೈಲಿನಿಂದ, ಹೆಚ್ಚು ಒತ್ತಡದ ಡೀಸೆಲ್ ಹೋಗುವ ಜಾತಿ) ಎಂಜಿನ್ ಓಡುತ್ತಿರುವಾಗ ಕ್ಯಾಮ್ ಸಿಗ್ನಲ್ ಹೋದರೂ ಹೇಗೋ ನಡೆಯುತ್ತದೆ. ಸ್ಟಾರ್ಟ್ ಮಾಡುವಾಗ ಹೋದರೆ ಮಾತ್ರ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ.

ಪಿ0340 ಬಂತು ಅಂದರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥವಲ್ಲ. ಸೆನ್ಸರ್, ಕಪ್ಲರ್ (ವೈರು ಸಿಕ್ಕಿಸುವ ಪ್ಲಗ್), ಮೂರು ವೈರು, ಆಚೆ ತುದಿಯ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಇದರಲ್ಲಿ ಎಲ್ಲೋ ಒಂದು ಕಡೆ ತೊಂದರೆ ಅಂತ. ಪಿ0016 ಇನ್ನೂ ಜಾಣ ಕೋಡ್. ಇಬ್ಬರು ಸಾಕ್ಷಿಗಳ ಮಾತು ಹೊಂದುತ್ತಿಲ್ಲ ಅನ್ನುತ್ತದೆ, ಸುಳ್ಳು ಯಾರದು ಅಂತ ಹೇಳುವುದಿಲ್ಲ. ಬೆಲ್ಟ್ ಹಲ್ಲು ತಪ್ಪಿರಬಹುದು, ಸಿಗ್ನಲ್ಲೇ ಕೆಟ್ಟು ಬರುತ್ತಿರಬಹುದು. ಎರಡೂ ಕೋಡ್ ಒಟ್ಟಿಗೆ ಬಂದಾಗ "ಸೆನ್ಸರ್ ಹೋಗಿದೆ ಬಿಡಿ" ಅನ್ನುವುದು ತುಂಬಾ ಸುಲಭ. ಸೆನ್ಸರ್ ಬಿಚ್ಚಲು ಹತ್ತು ನಿಮಿಷ ಸಾಕು, ಬೆಲ್ಟ್ ಬಿಚ್ಚಲು ಅರ್ಧ ದಿನ ಬೇಕಲ್ವಾ.

ಕೋಡ್ ಅಳಿಸುವ ಮುಂಚೆ ಅದು ದಾಖಲಾದ ಹೊತ್ತಿನ ವಿವರ ನೋಡಿದೆ. ಪಿ0340 ಬಂದಾಗ ಎಂಜಿನ್ ತಣ್ಣಗಿತ್ತು, ಸೆಲ್ಫ್ ಹೊಡೆಯುವಷ್ಟು ಮಾತ್ರ ತಿರುಗುತ್ತಿತ್ತು. ಪಿ0016 ಬಂದಾಗ ಎಂಜಿನ್ ಪೂರ್ತಿ ಬಿಸಿಯಾಗಿತ್ತು. ಹಾಳೆಯಲ್ಲಿ ಬರೆದದ್ದಕ್ಕೂ ಇದಕ್ಕೂ ತಾಳೆ ಆಯಿತು. ಮೊದಲು ನೋಡಿದವರು ಕೋಡ್ ಕಂಡ ಕೂಡಲೇ ಅಳಿಸಿ ಸೆನ್ಸರ್ ಹಾಕಿದ್ದರೆ ಈ ವಿವರವೂ ಅದರ ಜೊತೆಗೇ ಹೋಗಿರುತ್ತದೆ.

ಇಂಜೆಕ್ಟರ್ ಮಾತು ಅಲ್ಲೇ ಬಿದ್ದುಹೋಯಿತು. ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಸರಿಯಾಗಿ ಏರುತ್ತಿತ್ತು. ಐಡಲ್‌ನಲ್ಲಿ ನಾಲ್ಕೂ ಸಿಲಿಂಡರಿಗೆ ಇಸಿಯು ಡೀಸೆಲ್ ಹೆಚ್ಚುಕಡಿಮೆ ಮಾಡುವ ತಿದ್ದುಪಡಿ ಅಂಕಿಗಳು ಹತ್ತಿರ ಹತ್ತಿರವೇ ಇದ್ದವು. ನಾಲ್ಕೂ ಇಂಜೆಕ್ಟರ್ ಒಂದೇ ದಿನ ಒಂದೇ ಅಳತೆಯಲ್ಲಿ ಕೆಡುವುದು ನಾನಂತೂ ನೋಡಿಲ್ಲ.

ಕೈ ಹಾಕುವ ಮುಂಚೆ ಕಣ್ಣು

ಬಾನೆಟ್ ಎತ್ತಿ ಏನನ್ನೂ ಮುಟ್ಟದೆ ಮೊದಲು ಫೋಟೋ ತೆಗೆದೆ. ನಾನು ಬಿಚ್ಚಿದ ಮೇಲೆ "ನೀವೇ ಹಾಳು ಮಾಡಿದ್ದು" ಅನ್ನುವ ಮಾತು ಬರಬಾರದು, ಅದಕ್ಕೆ. ಇನ್ನೊಬ್ಬರ ಕೆಲಸದ ತಪ್ಪು ಹೇಳುವವನಿಗೆ ಫೋಟೋ ಇಲ್ಲದಿದ್ದರೆ ಬಾಯಿಯೂ ಇಲ್ಲ.

ಬೆಲ್ಟಿನ ಮೇಲಿನ ಪ್ಲಾಸ್ಟಿಕ್ ಕವರಿನ ಎರಡು ಕ್ಲಿಪ್ ಮುರಿದಿದ್ದವು. ಒಂದು ಬೋಲ್ಟ್ ಬೇರೆ ಯಾವುದೋ ಗಾಡಿಯದು, ತಲೆ ದೊಡ್ಡದು. ಇನ್ನೊಂದರ ಜಾಗದಲ್ಲಿ ಕೇಬಲ್ ಟೈ. ಕ್ಯಾಮ್ ಸೆನ್ಸರ್ ಕಡೆ ಹೋಗುವ ವೈರಿನ ಕಟ್ಟು ತನ್ನ ಹಾದಿ ಬಿಟ್ಟು ಆ ಕವರಿನ ಅಂಚಿಗೆ ಒರಗಿಕೊಂಡು ಕೂತಿತ್ತು. ಒಂದು ಜಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪ, ಸುತ್ತಲೂ ಕಪ್ಪು ಇನ್ಸುಲೇಷನ್ ಟೇಪ್. ಬೆರಳಿಟ್ಟರೆ ಜಿಗುಟು, ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಹೊರಗೆ ಬಂದಿತ್ತು. ಮನೆಯ ಸ್ವಿಚ್‌ಬೋರ್ಡಿಗೆ ಸುತ್ತುವ ಟೇಪ್ ಬಾನೆಟ್ ಒಳಗೆ ಒಂದು ಮಳೆಗಾಲವೂ ಬಾಳುವುದಿಲ್ಲ.

ಫ್ಯೂಸ್ ಪೆಟ್ಟಿಗೆಯಲ್ಲಿ ಒಂದು ಕಡೆ 10 ಆಂಪಿಯರ್ ಇರಬೇಕಾದಲ್ಲಿ 20ರದು ಕೂತಿತ್ತು. ಅದು ಈ ಕಾಯಿಲೆಗೆ ಸಂಬಂಧಪಟ್ಟದ್ದಲ್ಲ. ಆದರೂ ಬರೆದುಕೊಂಡು ಸರಿಯಾದದ್ದು ಹಾಕಿದೆ. ಫ್ಯೂಸ್ ಸುಡದಿದ್ದರೆ ವೈರು ಸುಡುತ್ತದೆ.

ಮೊದಲು ಬೆಲ್ಟ್ ಬಿಚ್ಚಬೇಕೋ, ವೈರು ನೋಡಬೇಕೋ? ನನ್ನ ಲೆಕ್ಕ ಯಾವಾಗಲೂ ಒಂದೇ: ಖರ್ಚಿಲ್ಲದ್ದು ಮೊದಲು. ವೈರು ನೋಡಲು ಏನೂ ಕಳಚಬೇಕಾಗಿಲ್ಲ. ಅದೂ ಅಲ್ಲದೆ, ಸಿಗ್ನಲ್ ನಂಬುವ ಹಾಗಿಲ್ಲದಿದ್ದರೆ ಅದನ್ನು ನೋಡಿ ಬೆಲ್ಟಿನ ಬಗ್ಗೆ ತೀರ್ಮಾನ ಹೇಗೆ ಮಾಡುವುದು?

ಬೀಪ್ ನಂಬಿ ಕೆಟ್ಟೆ

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಮೊದಲು ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಎರಡೂ ತುದಿಯ ಕಪ್ಲರ್ ತೆಗೆದು ಮೂರೂ ವೈರು ನೋಡಿದೆ. ಮೂರೂ ಚೆನ್ನಾಗಿ ಕೂಗಿದವು, ಅಂದರೆ ಯಾವುದೂ ತುಂಡಾಗಿಲ್ಲ. ಅಷ್ಟು ಹೊತ್ತಿಗೆ ಮಳೆ ನಿಂತಿತ್ತು, ಎಂಜಿನ್ ಬಿಸಿಯಾಗಿತ್ತು, ಗಾಡಿ ಒಂದೇ ಸೆಲ್ಫಿಗೆ ಹಿಡಿಯುತ್ತಿತ್ತು. ವೈರು ನೋಡಲು ಕೆಟ್ಟದಾಗಿದೆ, ಕೆಲಸಕ್ಕೆ ಪರವಾಗಿಲ್ಲ ಅಂತ ಹಾಳೆಯಲ್ಲಿ ಬರೆದೂ ಬಿಟ್ಟಿದ್ದೆ.

ಮಧ್ಯಾಹ್ನ ಊಟ ಮಾಡುವಾಗ ತಲೆಗೆ ಹೊಳೆಯಿತು. ಬೀಪ್ ಪರೀಕ್ಷೆಗೆ ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ಕಿತ್ತು ಒಂದೇ ಎಳೆ ಉಳಿದಿದ್ದರೂ ಮೀಟರ್ ಕೂಗುತ್ತದೆ. ಹಗ್ಗದಲ್ಲಿ ಒಂದು ನೂಲು ಉಳಿದಿದ್ದರೆ ಕರವಸ್ತ್ರ ತೂಗುತ್ತದೆ, ಬಕೆಟ್ ತೂಗುವುದಿಲ್ಲ.

ಮತ್ತೆ ಶುರು ಮಾಡಿದೆ. ಇಸಿಯು ಕಪ್ಲರ್ ತೆಗೆದೆ. ಇದು ಮುಖ್ಯ, ಬಲ್ಬಿನ ಕರೆಂಟ್ ಯಾವ ಕಾರಣಕ್ಕೂ ಇಸಿಯು ಒಳಗೆ ಹೋಗಬಾರದು. ಸೆನ್ಸರ್ ಕಡೆಯ ಕಪ್ಲರ್ ಕೂಡ ತೆಗೆದು, ಒಂದೊಂದೇ ವೈರಿನ ಮೂಲಕ ಬ್ಯಾಟರಿಯಿಂದ 5 ವ್ಯಾಟ್‌ನ ಪಾರ್ಕಿಂಗ್ ಬಲ್ಬ್ ಉರಿಸಿದೆ. ಎರಡು ವೈರಿನಲ್ಲಿ ಬಲ್ಬ್ ಬೆಳ್ಳಗೆ ಉರಿಯಿತು. ಮೂರನೆಯದರಲ್ಲಿ ಹಣತೆ ಹಾಗೆ ಕೆಂಪಗೆ ಮಿಣುಕಿತು. ಅದು ಸೆನ್ಸರಿನ ಅರ್ಥ್ ವೈರು.

ಎಲ್ಲ ಮತ್ತೆ ಜೋಡಿಸಿ, ಸ್ವಿಚ್ ಆನ್ ಮಾಡಿ, ಸೆನ್ಸರಿನ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟೇಜ್ ಅಳೆದೆ. ಇಲ್ಲಿ 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. 0.3 ಇತ್ತು. ಶೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗನ ಕೈಗೆ ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಕೊಟ್ಟು, ಆ ಟೇಪ್ ಸುತ್ತಿದ ಗಂಟಿನ ಮೇಲೆ ಮಾತ್ರ ಹೊಡೆ ಅಂದೆ. ಎರಡು ನಿಮಿಷದಲ್ಲಿ 0.8ಕ್ಕೆ ಹೋಯಿತು. ಗಂಟನ್ನು ಬೆರಳಿನಿಂದ ಅಲ್ಲಾಡಿಸಿದರೆ ಅಂಕಿ ಕುಣಿಯುತ್ತಿತ್ತು. ಸೆಲ್ಫ್ ಹೊಡೆದೆವು. ತಿರುಗಿತು, ತಿರುಗಿತು, ಹಿಡಿಯಲಿಲ್ಲ. ಸ್ಕ್ಯಾನರ್ ಪರದೆಯಲ್ಲಿ ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದಾಣಿಕೆಯ ಸಾಲು "ಇಲ್ಲ" ಅಂತಲೇ ನಿಂತಿತ್ತು.

ಯಜಮಾನರು ಕುರ್ಚಿಯಿಂದ ಎದ್ದು ಬಂದರು. "ಇದೇ ಸಾರ್, ಇದೇ! ಬೆಳಗ್ಗೆ ಹೀಗೇ ಆಗೋದು!" ಗಾಡಿ ಸ್ಟಾರ್ಟ್ ಆಗದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ನೋಡಿರಲಿಲ್ಲ.

ಟೇಪ್ ಬಿಚ್ಚಿದೆವು. ಒಳಗೆ ಒಂದು ಗೇಣಿನಷ್ಟು ಉದ್ದಕ್ಕೆ ಹಳೆಯ ವೈರಿನ ಜಾಗದಲ್ಲಿ ಮನೆ ವೈರಿಂಗಿನ ತುಂಡುಗಳು. ಮೂರೂ ಕೆಂಪು! ಯಾವುದು ಯಾವುದಕ್ಕೆ ಅಂತ ಮುಂದಿನವರಿಗೆ ಗೊತ್ತಾಗುವ ಹಾಗಿಲ್ಲ. ಬೆಸುಗೆ ಇಲ್ಲ, ಕ್ರಿಂಪ್ (ಲೋಹದ ತುಂಡು ಒತ್ತಿ ವೈರು ಹಿಡಿಸುವುದು) ಇಲ್ಲ, ಸುಮ್ನೆ ತಾಮ್ರ ತಿರುಚಿ ಟೇಪ್ ಸುತ್ತಿದ್ದು. ಮೂರು ಗಂಟೂ ಒಂದೇ ಜಾಗದಲ್ಲಿ, ಒಂದರ ಮೇಲೊಂದು. ಅರ್ಥ್ ವೈರಿನ ಗಂಟು ಬಿಚ್ಚಿದಾಗ ಅಂಗೈ ಮೇಲೆ ಹಸಿರು ಪುಡಿ ಉದುರಿತು. ತಾಮ್ರದ ಕಿಲುಬು. ನಡುವೆ ಎರಡೋ ಮೂರೋ ಎಳೆ ಮಾತ್ರ ಹೊಳೆಯುತ್ತಿದ್ದವು.

ವೈರ್‌ಮನ್ನನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ. ಮಳೆಯಲ್ಲಿ, ಯಜಮಾನರ ಮನೆ ಅಂಗಳದಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ಗಾಡಿ ಹೊರಡಿಸಿಕೊಟ್ಟಿದ್ದಾರೆ. ಅದು ಮೆಕ್ಯಾನಿಕ್ ಹತ್ತಿರ ಹೋಗುವ ತನಕ ಸಾಗುವ ರಿಪೇರಿ. ಆಮೇಲೆ ಎರಡು ಗ್ಯಾರೇಜಿನವರು ಅದೇ ಗಂಟನ್ನು ಪಕ್ಕಕ್ಕೆ ಸರಿಸಿಕೊಂಡು ಸೆನ್ಸರ್ ಬದಲಾಯಿಸಿದರಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೆ.

ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿದೆವು. ಕಿಲುಬು ವೈರಿನ ಒಳಗೇ ಹರಿದು ಹೋಗಿರುತ್ತದೆ. ತಾಮ್ರ ಕಪ್ಪಾಗಿರುವಷ್ಟೂ ದೂರ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಗಾಡಿಗೆಂದೇ ಬರುವ ತೆಳು ಹೊದಿಕೆಯ ವೈರು, ಹಳೆಯದರಷ್ಟೇ ದಪ್ಪದ್ದು, ಮೂರು ಬೇರೆ ಬೇರೆ ಬಣ್ಣ. ಗಂಟುಗಳು ಒಂದೇ ಕಡೆ ಬಾರದಂತೆ ಎರಡೆರಡು ಬೆರಳಿನಷ್ಟು ಹಿಂದೆ ಮುಂದೆ. ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಅಂಟು ಎರಡೂ ಬಾಯಲ್ಲಿ ಇಣುಕುವವರೆಗೆ ಬಿಸಿ ಮಾಡಿದೆವು. ಬೆಸುಗೆ ಒಳ್ಳೆಯದೋ ಕ್ರಿಂಪ್ ಒಳ್ಳೆಯದೋ ಅಂತ ಮೇಸ್ತ್ರಿಗಳ ನಡುವೆ ಮುಗಿಯದ ಜಗಳ ಇದೆ. ನಾನು ಕ್ರಿಂಪ್ ಕಡೆ. ಬೆಸುಗೆ ಹೀರಿದ ವೈರು ಕಡ್ಡಿಯಂತಾಗುತ್ತದೆ, ಎಂಜಿನ್ ನಡುಗುವ ಜಾಗದಲ್ಲಿ ಆ ಕಡ್ಡಿ ಮುಗಿಯುವ ಕಡೆಯೇ ತುಂಡಾಗುತ್ತದೆ. ಕೊನೆಗೆ ಬಟ್ಟೆ ಟೇಪ್ ಸುತ್ತಿ, ಮೇಲೆ ಸುರುಳಿ ಪೈಪ್ ಹಾಕಿ, ಕಟ್ಟನ್ನು ಅದರ ಹಳೆಯ ಕ್ಲಿಪ್ಪಿನೊಳಗೆ ಕೂರಿಸಿದೆವು.

ಅರ್ಥ್ ವೈರಿನ ಅಳತೆ ಈಗ 0.02 ವೋಲ್ಟ್. ಹುಡುಗ ಸ್ಪ್ರೇ ಬಾಟಲಿ ಖಾಲಿ ಮಾಡಿದ. ಏನೂ ಆಗಲಿಲ್ಲ, ಒಂದೇ ಸೆಲ್ಫಿಗೆ ಹಿಡಿಯಿತು. ಎರಡು ಸೆನ್ಸರ್ ಬದಲಾಯಿಸಿದರೂ ಹೋಗದ ಪಿ0340 ಇಷ್ಟಕ್ಕೆ ಹೋಯಿತು.

ಪಿ0016 ಹೋಗಲಿಲ್ಲ. ಪಿಕಪ್ಪೂ ಬರಲಿಲ್ಲ.

ಬೆಲ್ಟ್

ಮಾರನೆಯ ದಿನ ಬೆಲ್ಟಿನ ಸರದಿ. ಈ ಎಂಜಿನ್ ಬಗ್ಗೆ ನಾಲ್ಕು ಮಾತು. ರೆನೋದ 1.5 ಡಿಸಿಐ, 1,461 ಸಿಸಿ, ಒಂದೇ ಕ್ಯಾಮ್, ಎಂಟು ವಾಲ್ವ್. ಯುರೋಪಿನಲ್ಲಿ 2001ರಲ್ಲಿ ಬಂತು. ನಮ್ಮಲ್ಲಿ 2007ರಲ್ಲಿ ಲೋಗನ್ ಗಾಡಿಯ ಜೊತೆ ಬಂತು, 2012ರಲ್ಲಿ ಡಸ್ಟರ್ ಬಂದ ಮೇಲೆ ಎಲ್ಲ ಕಡೆ ಕಂಡಿತು. ನಿಸ್ಸಾನ್ ಸನ್ನಿ, ಟೆರಾನೊಗಳಲ್ಲೂ ಇದೇ. ಚೈನ್ ಇಲ್ಲ, ರಬ್ಬರ್ ಬೆಲ್ಟ್. ಆ ಒಂದೇ ಬೆಲ್ಟ್ ಕ್ಯಾಮ್, ಡೀಸೆಲ್ ಹೈ ಪ್ರೆಶರ್ ಪಂಪ್, ನೀರಿನ ಪಂಪ್ ಮೂರನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಹಾಗಾಗಿ ಇದರಲ್ಲಿ ಬೆಲ್ಟಿನ ಕೆಲಸ ಅಂದರೆ ಎಂಜಿನ್ನಿನ ಆಯುಸ್ಸಿನ ಕೆಲಸ.

ಬಿಚ್ಚುವ ಮುಂಚೆ ಎರಡು ಪರೀಕ್ಷೆ ಮಾಡಿದೆ. ಬ್ಯಾಟರಿ ಕೇಬಲ್ಲಿಗೆ ಕ್ಲ್ಯಾಂಪ್ ಹಾಕಿ, ಸೆಲ್ಫ್ ಹೊಡೆಯುವಾಗ ಕರೆಂಟಿನ ಏರಿಳಿತವನ್ನು ಆಸಿಲೋಸ್ಕೋಪಿನಲ್ಲಿ (ಸಿಗ್ನಲ್ಲನ್ನು ಅಲೆಯಾಗಿ ಪರದೆಯ ಮೇಲೆ ತೋರಿಸುವ ಯಂತ್ರ) ನೋಡುವುದು ಒಂದು. ಪ್ರತಿ ಸಿಲಿಂಡರ್ ಗಾಳಿ ಒತ್ತುವಾಗ ಸೆಲ್ಫಿಗೆ ಜಾಸ್ತಿ ಕರೆಂಟ್ ಬೇಕು, ಪರದೆಯಲ್ಲಿ ಒಂದು ಗುಡ್ಡ ಏಳುತ್ತದೆ. ನಾಲ್ಕು ಗುಡ್ಡವೂ ಸಮ ಇದ್ದವು, ಅಂದರೆ ಯಾವ ವಾಲ್ವೂ ಬಾಗಿಲ್ಲ. ಯಜಮಾನರಿಗೆ ಇದನ್ನು ಮೊದಲು ಹೇಳಿದೆ. ರಾತ್ರಿಯೆಲ್ಲ ಅವರಿಗೆ ಅದೇ ಚಿಂತೆ ಇದ್ದಿರಬೇಕು.

ಎರಡನೆಯದು, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳ ಅಲೆ ಒಂದೇ ಪರದೆಯಲ್ಲಿ. ಹಿಂದೆ ಒಂದು ಟೆರಾನೊ ಸರ್ವಿಸಿಗೆ ಬಂದಾಗ ಅದರ ಅಲೆಯನ್ನು ಉಳಿಸಿಟ್ಟುಕೊಂಡಿದ್ದೆ. ಚೆನ್ನಾಗಿರುವ ಗಾಡಿ ಬಂದಾಗ ಇದನ್ನು ಮಾಡಿಟ್ಟುಕೊಳ್ಳಿ, ಕಾಸು ಖರ್ಚಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಈ ಗಾಡಿಯ ಕ್ಯಾಮ್ ಅಲೆ ಒಂದು ಕಡೆ ಸರಿದಿತ್ತು. ಎಷ್ಟು ಸರಿದರೆ ಒಂದು ಹಲ್ಲು? ಲೆಕ್ಕ ಸುಲಭ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲಿದ್ದರೆ 360 ಭಾಗಿಸು 20, ಒಂದು ಹಲ್ಲಿಗೆ ಕ್ರ್ಯಾಂಕಿನ 18 ಡಿಗ್ರಿ. ನಿಮ್ಮ ಮುಂದಿರುವ ಪುಲ್ಲಿಯ ಹಲ್ಲು ಎಣಿಸಿ ಲೆಕ್ಕ ಹಾಕಿ. ಅದು ಸಣ್ಣ ವ್ಯತ್ಯಾಸ ಅಲ್ಲ. ವಾಲ್ವ್ ತೆರೆಯುವುದು ಮುಚ್ಚುವುದು ಅಷ್ಟು ಹಿಂದೆಮುಂದೆ ಆದರೆ ಎಂಜಿನ್ ಓಡುತ್ತದೆ, ಹೊಗೆ ಬಿಡುತ್ತದೆ, ಘಾಟಿ ಹತ್ತುವುದಿಲ್ಲ.

ಬಲಗಡೆ ಮುಂದಿನ ಚಕ್ರ, ಅದರೊಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದೆವು. ಎಂಜಿನ್ ಆಯಿಲ್ ಸಂಪಿನ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟು, ಆ ಕಡೆಯ ಎಂಜಿನ್ ಮೌಂಟಿಂಗ್ ಇಳಿಸಿದೆವು. ಕವರ್ ತೆಗೆದ ಕೂಡಲೇ ಕಂಡದ್ದು ಬಿಳಿ ಬಣ್ಣ. ವೈಟ್ನರ್! ಶಾಲಾ ಮಕ್ಕಳು ತಪ್ಪು ಅಳಿಸಲು ಬಳಸುವ ಅದೇ ವೈಟ್ನರ್. ಕ್ಯಾಮ್ ಪುಲ್ಲಿಯ ಮೇಲೊಂದು ಚುಕ್ಕೆ, ಪಂಪ್ ಪುಲ್ಲಿ ಮೇಲೊಂದು, ಬೆಲ್ಟಿನ ಮೇಲೆ ಎರಡು ಗೆರೆ.

ಈ ಎಂಜಿನ್ನಿಗೆ ಗುರುತು ಹಚ್ಚಿ ಬೆಲ್ಟ್ ಹಾಕುವ ಪದ್ಧತಿ ಇಲ್ಲ. ಬ್ಲಾಕಿನ ಒಂದು ಬಿರಡೆ ತೆಗೆದು ಅಲ್ಲಿ ಪಿನ್ ತಿರುಗಿಸಬೇಕು. ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತಾ ಅದು ಪಿನ್ನಿಗೆ ತಾಗಿ ನಿಲ್ಲುವಂತೆ ಮಾಡಬೇಕು. ಆಗ ಕ್ಯಾಮ್ ಪುಲ್ಲಿಯ ತೂತಿನ ಮೂಲಕ ಇನ್ನೊಂದು ಪಿನ್ ಸಿಲಿಂಡರ್ ಹೆಡ್ಡಿನ ತೂತಿಗೆ ಸಲೀಸಾಗಿ ಇಳಿಯಬೇಕು. ಎರಡೂ ಪಿನ್ ಕೂತರೆ ಟೈಮಿಂಗ್ ಸರಿ, ಒಂದು ಕೂರದಿದ್ದರೂ ತಪ್ಪು. ವಾದಕ್ಕೆ ಜಾಗವೇ ಇಲ್ಲ.

ಕ್ರ್ಯಾಂಕ್ ಪಿನ್ನಿಗೆ ತಾಗಿ ನಿಂತಿತು. ಕ್ಯಾಮ್ ಪುಲ್ಲಿಯ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಹಿಂದಿನ ತೂತು ದುಂಡಗೆ ಕಾಣಬೇಕಿತ್ತು. ಕತ್ತರಿಸಿದ ಉಗುರಿನಷ್ಟು ಕಪ್ಪು ಅಂಚು ಮಾತ್ರ ಕಂಡಿತು, ಉಳಿದದ್ದೆಲ್ಲ ಹೆಡ್ಡಿನ ಅಲ್ಯೂಮಿನಿಯಂ. ಪಿನ್ ಹೋಗಲಿಲ್ಲ. ಯಜಮಾನರನ್ನು ಕರೆದು ಪಿನ್ ಅವರ ಕೈಗೇ ಕೊಟ್ಟೆ. ಅವರೂ ಪ್ರಯತ್ನಪಟ್ಟರು, ಹೋಗಲಿಲ್ಲ. ವಿಡಿಯೋ ಮಾಡಿಕೊಂಡೆವು. ಬೆಲ್ಟ್ ಬಿಚ್ಚಿ ಎಣಿಸಿದರೆ ಸರಿಯಾಗಿ ಒಂದು ಹಲ್ಲು.

ಹೇಗೆ ತಪ್ಪಿತು? ನನ್ನ ಊಹೆ ಇದು. ಹಳೆಯ ಬೆಲ್ಟಿನ ಗುರುತನ್ನು ಹೊಸದಕ್ಕೆ ಇಳಿಸಿಕೊಂಡು, ಗುರುತಿಗೆ ಗುರುತು ಕೂರಿಸಿ ಬೆಲ್ಟ್ ಏರಿಸಿದ್ದಾರೆ. ಏರಿಸುವಾಗ ಸಡಿಲ ಇರಬೇಕಾದದ್ದು ಟೆನ್ಷನರ್ (ಬೆಲ್ಟನ್ನು ಬಿಗಿ ಹಿಡಿಯುವ ರಾಟೆ) ಇರುವ ಬದಿಯಲ್ಲಿ ಮಾತ್ರ. ಇನ್ನೊಂದು ಬದಿಯಲ್ಲಿ ಸ್ವಲ್ಪ ಸಡಿಲ ಉಳಿದರೂ, ಟೆನ್ಷನರ್ ಬಿಗಿ ಮಾಡಿದಾಗ ಅದು ಕ್ಯಾಮನ್ನು ಎಳೆದುಕೊಂಡು ಹೋಗುತ್ತದೆ. ಹಾಕಿದ ಮೇಲೆ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಪಿನ್ ಮತ್ತೆ ಹಾಕಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಎರಡು ಸುತ್ತು ತಿರುಗಿಸಿದ ಮೇಲೆ ಬೆಲ್ಟಿನ ಮೇಲಿನ ಗೆರೆ ಎಲ್ಲೋ ಹೋಗಿರುತ್ತದೆ, ಅದು ತಪ್ಪಲ್ಲ. ಬೆಲ್ಟಿನ ಹಲ್ಲಿನ ಲೆಕ್ಕ ಬೇರೆ, ಪುಲ್ಲಿಯ ಹಲ್ಲಿನ ಲೆಕ್ಕ ಬೇರೆ. ಅದನ್ನು ನೋಡಿ ಗಾಬರಿಯಾಗಿ ಒಂದು ಹಲ್ಲು ಸರಿಸಿದ ಹುಡುಗರೂ ಇದ್ದಾರೆ. ಇಲ್ಲಿ ಹಾಗೇ ಆಗಿದ್ದರೂ ಆಗಿರಬಹುದು.

ಇನ್ನೊಂದು ವಿಷಯವೂ ಹೊರಬಿತ್ತು. ಬೆಲ್ಟ್ ಹೊಸದೇ. ಬೆನ್ನಿನ ಮೇಲಿನ ಅಕ್ಷರ ಇನ್ನೂ ಬೆಳ್ಳಗೆ ಓದಲು ಬರುತ್ತಿತ್ತು, ಹಲ್ಲಿನ ಬುಡದಲ್ಲಿ ಬಿರುಕಿರಲಿಲ್ಲ. ಟೆನ್ಷನರ್ ಮಾತ್ರ ಹಳೆಯದು. ಕಿವಿಯ ಹತ್ತಿರ ಹಿಡಿದು ಬೆರಳಿನಲ್ಲಿ ತಿರುಗಿಸಿದರೆ ಒಳಗೆ ಗ್ರೀಸ್ ಒಣಗಿದ ಗರಗರ ಸದ್ದು. ಒಳ್ಳೆಯ ಬೇರಿಂಗ್ ಸ್ವಲ್ಪ ಭಾರವಾಗಿ, ಸದ್ದಿಲ್ಲದೆ ತಿರುಗಿ ನಿಲ್ಲುತ್ತದೆ. ಇದು ಸೈಕಲ್ ಚಕ್ರದ ಹಾಗೆ ತಿರುಗುತ್ತಲೇ ಇತ್ತು. ನೀರಿನ ಪಂಪಿನ ಕೆಳಗೆ ಕೂಲಂಟ್ ಒಸರಿ ಒಣಗಿದ ಕಲೆ. ಬಿಲ್ಲಿನಲ್ಲಿ ಕಿಟ್ಟಿನ ದುಡ್ಡು ಹಿಡಿದಿದ್ದರು. ಕಿಟ್ ಅಂದರೆ ಕನಿಷ್ಠ ಬೆಲ್ಟ್ ಮತ್ತು ಟೆನ್ಷನರ್ ಎರಡೂ. ಹಲ್ಲು ತಪ್ಪಿದ್ದು ಕೈ ತಪ್ಪು ಅನ್ನಬಹುದು, ನನ್ನಿಂದಲೂ ಆಗಬಹುದು. ಇದು ಕೈ ತಪ್ಪಲ್ಲ.

"ಹಾಗಾದ್ರೆ ಈ ಟೆನ್ಷನರ್ ಕೆಟ್ಟಿದ್ರೆ?" ಅಂತ ಯಜಮಾನರು ಕೇಳಿದರು.

"ಹೊಸ ಬೆಲ್ಟನ್ನೂ ತಿಂದು ಹಾಕುತ್ತಿತ್ತು. ಘಾಟಿಯಲ್ಲಿ ಆಗಿದ್ದರೆ ಎಂಜಿನ್ ಹೆಡ್ಡೇ ಇಳಿಸಬೇಕಾಗುತ್ತಿತ್ತು."

ಅವರು ಸುಮ್ಮನಾದರು. ಆಮೇಲೆ "ಸರಿ, ನೀವೇ ಮಾಡಿಬಿಡಿ" ಅಂದರು. ಬೆಲ್ಟ್, ಟೆನ್ಷನರ್, ನೀರಿನ ಪಂಪ್ ಮೂರೂ ಹೊಸದು ತರಿಸಿದೆ. ಹಾಕಿದ್ದ ಬೆಲ್ಟ್ ಹೊಸದಾದರೂ ಹಳೆಯ ಟೆನ್ಷನರ್ ಮೇಲೆ ಓಡಿದ್ದನ್ನು ಮತ್ತೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಕೂಡ ಹೊಸದೇ, ಅದು ಬಿಗಿಯುವಾಗ ಹಿಗ್ಗುವ ಜಾತಿ, ಒಮ್ಮೆ ಬಿಚ್ಚಿದರೆ ಮುಗಿಯಿತು. ಆ ಬೋಲ್ಟ್ ಬಿಗಿಯುವಾಗ ಬ್ಲಾಕಿನ ಪಿನ್ನನ್ನೇ ಆಸರೆ ಮಾಡಿಕೊಳ್ಳುವವರಿದ್ದಾರೆ. ಮಾಡಬೇಡಿ, ಪಿನ್ ಇರುವುದು ಅಳತೆಗೆ, ಬಲ ತಡೆಯುವುದಕ್ಕಲ್ಲ. ಹಾಕಿ, ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಎರಡೂ ಪಿನ್ ಮತ್ತೆ ಹಾಕಿ ನೋಡಿದೆವು. ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಇಳಿದವು. ಮತ್ತೆ ಎರಡು ಸುತ್ತು, ಮತ್ತೆ ಪಿನ್. ಎರಡನೆಯ ಸಲ ಬೇಕಾಗಿರಲಿಲ್ಲ, ಹುಡುಗ ಕಲಿಯಲಿ ಅಂತ.

ಪಿ0016 ಅಳಿಸಿದೆ. ಮತ್ತೆ ಬರಲಿಲ್ಲ. ಯಜಮಾನರು ಒಬ್ಬರೇ ಆಯನೂರಿನ ತನಕ ಹೋಗಿ ಬಂದರು. ಏನೂ ಹೇಳಲಿಲ್ಲ, ಕೀ ಕೊಟ್ಟು ನಕ್ಕರು.

ಬರೆದುಕೊಟ್ಟದ್ದು

ನನ್ನ ವರದಿ ಎರಡು ಪುಟ. ಕಂಡದ್ದು, ಅಳೆದದ್ದು, ಫೋಟೋ ಸಂಖ್ಯೆ, ಅಷ್ಟೇ. "ಮೋಸ", "ನಿರ್ಲಕ್ಷ್ಯ" ಅನ್ನುವ ಮಾತುಗಳನ್ನು ನಾನು ಬರೆಯುವುದಿಲ್ಲ. "ಬಿಲ್ಲಿನಲ್ಲಿ ಟೈಮಿಂಗ್ ಕಿಟ್ ಎಂದಿದೆ, ಬಿಚ್ಚಿದಾಗ ಟೆನ್ಷನರ್ ಹಳೆಯದು ಸಿಕ್ಕಿದೆ, ಫೋಟೋ 14" ಅಂತ ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ಹಳೆಯ ಸಾಮಾನನ್ನೆಲ್ಲ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ ಕೊಟ್ಟೆ. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 2019ರ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು ಅಂತಲೂ ಹೇಳಿದೆ.

ಅಲ್ಲಿಯ ತನಕ ಹೋಗಲಿಲ್ಲ. ಬೆಲ್ಟ್ ಹಾಕಿದ ಗ್ಯಾರೇಜಿನವರು ಮೊದಲು "ಬೇರೆಯವರು ಬಿಚ್ಚಿದ್ಮೇಲೆ ನಮಗೇನು ಗೊತ್ತು" ಅಂದರಂತೆ. ಪಿನ್ ಹೋಗದ ವಿಡಿಯೋ ತೋರಿಸಿದ ಮೇಲೆ ಕಿಟ್ಟಿನ ದುಡ್ಡು ವಾಪಸ್ ಕೊಟ್ಟರು, ಕೂಲಿ ಕೊಡಲಿಲ್ಲ. ಸೆನ್ಸರಿನ ದುಡ್ಡು ಯಾರೂ ಕೊಡಲಿಲ್ಲ. ಯಜಮಾನರು "ಹೋಗ್ಲಿ ಬಿಡಿ, ಊರಲ್ಲಿ ಮುಖ ನೋಡಬೇಕಲ್ಲ" ಅಂದರು. ನನಗೆ ಒಪ್ಪಿಗೆ ಇರಲಿಲ್ಲ, ಆದರೆ ಗಾಡಿ ಅವರದು, ಊರೂ ಅವರದು.

ಇಲಿಯ ವಿಷಯ ಬಾಕಿ ಇದೆ. ಈಗಿನ ವೈರಿನ ಹೊದಿಕೆಯಲ್ಲಿ ಸೋಯಾ ಇರುತ್ತೆ, ಅದರ ಆಸೆಗೇ ಇಲಿ ಬರುತ್ತೆ ಅಂತ ಬಹಳ ಜನ ಹೇಳುತ್ತಾರೆ. ನನಗೆ ಪೂರ್ತಿ ನಂಬಿಕೆ ಇಲ್ಲ. ಇಲಿಯ ಮುಂಹಲ್ಲು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿಯದೆ ಅದಕ್ಕೆ ಗತಿಯಿಲ್ಲ. ಅಂಬಾಸಿಡರ್ ಕಾಲದಲ್ಲೂ ಕಡಿಯುತ್ತಿದ್ದವು. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ, ಒಣಗಿ ಇರುತ್ತದೆ, ಅಷ್ಟು ಸಾಕು. ಹೊಗೆಸೊಪ್ಪಿನ ಗಂಟು ಕಟ್ಟುವುದು, ಸ್ಪ್ರೇ ಹೊಡೆಯುವುದು ಎಲ್ಲ ನಾಲ್ಕು ದಿನದ ಆಟ. ಬಾನೆಟ್ ಕೆಳಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ, ಅಡಿಕೆ ಚೀಲ ಇಡುವ ಜಾಗದಿಂದ ಗಾಡಿ ದೂರ ನಿಲ್ಲಿಸಿ, ಗಾಡಿ ಓಡಿಸದ ವಾರವೂ ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ ಅಂದಿದ್ದೆ.

ಮೊನ್ನೆ ಫೋನ್ ಬಂತು. ಘಾಟಿ ಮೂರನೇ ಗೇರಲ್ಲೇ ಹತ್ತುತ್ತಿದೆಯಂತೆ. ಆಮೇಲೆ ದನಿ ತಗ್ಗಿಸಿ ಹೇಳಿದರು: "ಸಾರ್, ಬ್ಯಾಟರಿ ಪಕ್ಕದಲ್ಲಿ ತೆಂಗಿನ ನಾರು ಸಿಕ್ತು. ಒಂದು ಮುಷ್ಟಿ. ವೈರು ಸರಿ ಇದೆ, ನೋಡ್ದೆ."

"ಜಾಲರಿ ಹಾಕಿಸಿದ್ರಾ?"

"ಇನ್ನೂ ಇಲ್ಲ. ಕೊಯ್ಲು ಮುಗೀಲಿ ಅಂತ ಇದ್ದೆ."

"ಇವತ್ತೇ ಹಾಕಿಸಿ ಯಜಮಾನ್ರೇ."